ಈಸ್ಟರ್ ಮರುದಿನದ ಮುಹೂರ್ತ

ತಾರೀಖುಗಳ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಚರ್ಚಿನ ಚರಿತ್ರೆ ಓದುವ ಚಟ ಹತ್ತಿದ ಮೇಲಂತೂ ಇದ್ದದ್ದೂ ಹೋಯಿತು. ಹಿಂದೊಮ್ಮೆ ಪೋಪರೊಬ್ಬರು ಕ್ಯಾಲೆಂಡರು ದಾರಿ ತಪ್ಪಿದೆಯೆಂದು ಹತ್ತು ದಿನಗಳನ್ನೇ ಕಿತ್ತುಹಾಕಿದರು. ಜನ ನಾಲ್ಕನೇ ತಾರೀಖು ಮಲಗಿ ಹದಿನೈದಕ್ಕೆ ಎದ್ದರು. ನಡುವಿನ ದಿನಗಳಲ್ಲಿ ಮದುವೆ ಗೊತ್ತು ಮಾಡಿಕೊಂಡವರು ಏನು ಮಾಡಿದರೋ, ನಾನು ಓದಿದ ಪುಸ್ತಕಗಳಲ್ಲಿ ಇಲ್ಲ.

ಈ ಪ್ರಶ್ನೆ ನನ್ನನ್ನು ಕಾಡಲು ಆದೋನಿಯ ನಮ್ಮಕ್ಕ ಕಾರಣ. ಆಕೆಯ ಒಬ್ಬನೇ ಮಗ ವೀರೇಶ ಎಮ್ಮಿಗನೂರಿನ ಕ್ರೈಸ್ತರ ಹುಡುಗಿಯನ್ನು ಮೆಚ್ಚಿದ. ಎರಡೂ ಮನೆಯವರು ಮುಖ ಗಂಟಿಕ್ಕಿ, ಆಮೇಲೆ ಸಡಿಲಿಸಿ, ಒಪ್ಪಿದರು. ಒಂದೇ ದಿನ ಚರ್ಚಿನಲ್ಲಿ ಆಶೀರ್ವಾದ, ಮನೆಯಲ್ಲಿ ತಾಳಿ. ಆದರೆ ಆ ದಿನ ಯಾವುದು? ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಪಾಸ್ಟರು ಮದುವೆ ಮಾಡಿಸುವುದಿಲ್ಲ. ಈಸ್ಟರ್ ಕಳೆದ ವಾರದಲ್ಲೇ ಶುಕ್ರಗ್ರಹ ಕಣ್ಣಿಗೆ ಬೀಳದ ಶುಕ್ರ ಮೂಢ ಶುರು, ಆಗ ಅಕ್ಕನ ಮನೆಯ ಪುರೋಹಿತರಾದ ಅಯ್ಯನೋರು ಮಾಡಿಸುವುದಿಲ್ಲ. ಅದು ಬಿಡುವಷ್ಟರಲ್ಲಿ ಆಷಾಢ. ಈಸ್ಟರಿಗೂ ಮೂಢಕ್ಕೂ ನಡುವೆ ಉಳಿದ ನಾಲ್ಕಾರು ದಿನಗಳನ್ನು ಚಂದ್ರ ಕರಗುವ ಪಕ್ಷವೆಂದು ಅಕ್ಕ ಎಣಿಕೆಗೇ ತಂದಿರಲಿಲ್ಲ.

“ಶ್ರಾವಣದ ತನಕ ಕಾಯೋದು ನಮ್ಮ ಕೈಲಿ ಆಗಂಗಿಲ್ಲ. ನೀವು ಜಗಳಾಡ್ಕೋತ ಕುಂದರ್ರಿ, ನಾವು ರಿಜಿಸ್ಟ್ರಾರ್ ಆಫೀಸಿಗೆ ಹೋಗ್ತೀವಿ” ಅಂದುಬಿಟ್ಟ ವೀರೇಶ. ಮಗನ ತಲೆಗೆ ಅಕ್ಷತೆ ಹಾಕುವ ಭಾಗ್ಯ ತಪ್ಪುತ್ತದೆಂದು ಅಕ್ಕ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಬೀಗರನ್ನು ಕರೆಸಿದಳು. ಓದಿದವನೆಂದು ನನ್ನನ್ನೂ ಕರೆಸಿದಳು. ಅದು ಆಕೆಯ ತಪ್ಪು. ಚಹಾ ಬರುತ್ತಿದ್ದಂತೆ ನಾನು ಶುರುಮಾಡಿದೆ. ಈಸ್ಟರ್ ಯಾವತ್ತು ಎಂಬುದಕ್ಕೇ ಆದಿಕಾಲದ ಕ್ರೈಸ್ತರು ಹೇಗೆ ಜಗಳಾಡಿದರು, ಕೆಲವರು ವಾರ ಯಾವುದಾದರೂ ಸರಿ ಎಂದರೆ ಕೆಲವರು ಭಾನುವಾರವೇ ಎಂದು ಹೇಗೆ ಪಟ್ಟು ಹಿಡಿದರು, ಕೊನೆಗೆ ಚಕ್ರವರ್ತಿಯೇ ಬಿಷಪ್ಪರ ಸಭೆ ಕರೆದದ್ದು, ಅಷ್ಟಾದರೂ ಪೂರ್ವದವರೂ ಪಶ್ಚಿಮದವರೂ ಇಂದಿಗೂ ಬಹಳ ಸಲ ಬೇರೆಬೇರೆ ಭಾನುವಾರ ಆಚರಿಸುವುದು, ಎಲ್ಲವನ್ನೂ ಹೇಳಿದೆ.

ಹುಡುಗಿಯ ತಂದೆ ರತ್ನಂ ಮಾಸ್ತರು ಕಪ್ಪು ಕೆಳಗಿಟ್ಟರು. “ಬಾವಗಾರೂ, ಅವರು ನೂರಾರು ವರ್ಷ ಜಗಳಾಡ್ಯಾರಂತೀರಿ. ಮನಕಿ ಅಂತ ಟೈಮ್ ಲೇದಂಡಿ, ನಮಗ ಅಷ್ಟು ಟೈಮ್ ಇಲ್ರಿ!”

“ಅವನಿಗೆ ಬಾಯಿ ತೆಗದ್ರ ಮುಚ್ಚಾಕ ಬರಂಗಿಲ್ಲ, ನೀವು ಮನಸಿಗೆ ಹಚ್ಕೋಬ್ಯಾಡ್ರಿ” ಎಂದ ಅಕ್ಕ ನನ್ನತ್ತ ತಿರುಗಿದಳು. “ಕಡೀಗೆ ಆ ಸಭಾದಾಗ ಏನಂತ ಆತು, ಅದಷ್ಟು ಹೇಳು.”

“ವಸಂತದ ಹುಣ್ಣಿವಿ ಆದ ಮ್ಯಾಲ ಬರೂ ಮೊದಲ್ನೇ ಐತ್ವಾರ, ಅಂತ ಲೆಕ್ಕ ನಿಂತತು.”

“ಹುಣ್ಣಿವಿ ಬೆನ್ನಿಗೇ ಬರತೈತೇನು ನಿಮ್ಮ ಈಸ್ಟರು?” ಅಕ್ಕ ಆಗಲೇ ಫೋನು ಹಚ್ಚಿದ್ದಳು. “ಅಯ್ನೋರ, ಹುಣ್ಣಿವಿ ದಾಟಿದ ಮ್ಯಾಲೂ ಪಂಚಮಿ ತನಕ ಮದುವಿ ನಡೀತೈತಿ ಅಂತಿದ್ರಲ್ಲ?”

ಆ ವರ್ಷ ಹುಣ್ಣಿಮೆ ಶುಕ್ರವಾರ. ಈಸ್ಟರ್ ಮರುದಿನದ ಸೋಮವಾರ ತದಿಗೆ. ಅಯ್ಯನೋರು ಅಡ್ಡಿಯಿಲ್ಲವೆಂದರು. ಪಾಸ್ಟರಿಗೆ ಮಾಸ್ತರು ಫೋನು ಮಾಡಿದರು. ಹಿಂದಿನ ದಿನ ಈಸ್ಟರ್ ಪ್ರಾರ್ಥನೆಗೆ ನಸುಕಿನಿಂದ ನಿಂತಿರುತ್ತೇನೆ, ಹತ್ತರ ಮೇಲೆ ಇಟ್ಟುಕೊಳ್ಳಿ ಎಂಬುದೊಂದೇ ಅವರ ಷರತ್ತು. ಅಕ್ಕ ಒಳಗೆ ಹೋಗಿ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದಳು.

ನನಗೆ ತಡೆಯಲಾಗಲಿಲ್ಲ. “ಅಷ್ಟು ದೊಡ್ಡ ಬಿಷಪ್ಪರಿಗೆ ಇವತ್ತಿನ ತನಕ ಬಗೆಹರೀಲಾರದ್ದು ನಿಮಗ ಒಂದು ಚಾದಾಗ ಬಗೆಹರೀತಲ್ಲಕ್ಕ!”

“ಅವರ ಮನ್ಯಾಗ ಮದುವಿಗೆ ಬಂದ ಮಕ್ಕಳು ಇರಲಿಲ್ಲ, ಬಿಡು” ಎಂದಳು ಅಕ್ಕ.