ಹಾವಿನ ಹಾಸಿಗೆಗೆ ಸುಣ್ಣ

ಹೋದ ವರ್ಷ ದೀಪಾವಳಿಗೆ ಮುಂಚೆ ನಡೆದದ್ದು. ನಮ್ಮೂರು ಕೊಳ್ಳೇಗಾಲದ ಪಕ್ಕ. ರೇಷ್ಮೆ ಹುಳು ಸಾಕುವುದು ನಮ್ಮ ಕಸುಬು. ಮೈಸೂರಿನಲ್ಲಿರುವ ನನ್ನ ಮಗಳು ಮಂಗಳ ಸಾಕಿರುವುದು ಹಾವು. ಹೊರದೇಶದ್ದು, ವಿಷವಿಲ್ಲ, ಸರ್ಕಾರಕ್ಕೆ ತಿಳಿಸಿಯೇ ಸಾಕಿದ್ದಾಳೆ. ಅವಳ ಮನೆಗೆ ಬಣ್ಣ ಹೊಡೆಸುವಾಗ ಆ ವಾಸನೆ ಅದಕ್ಕೆ ಆಗದು ಎಂದು ಗಾಜಿನ ಪೆಟ್ಟಿಗೆ ಸಮೇತ ತಂದು ನಮ್ಮ ನಡುಮನೆಯಲ್ಲಿಟ್ಟಳು.

"ಮದ್ವೆ ಮಾಡ್ಕೊ ಅಂದ್ರೆ ಆವು ತಂದವ್ಳೆ" ಎಂದೆ. ನಕ್ಕಳು.

ಪೆಟ್ಟಿಗೆಯ ತಳಕ್ಕೆ ತೆಂಗಿನ ನಾರಿನ ಪುಡಿ ಹಾಸಿ ನೀರು ಚಿಮುಕಿಸಿದ್ದಳು. "ಅವ್ವಾ, ಇದು ಪೊರೆ ಬುಡೋ ಹೊತ್ತು. ಆಸ್ಗೆ ವಸಿ ತ್ಯಾವ ಇರ್ಲಿ. ನೀರಿನ ಬಟ್ಲು ಬುಟ್ಟು ಏನೂ ಮುಟ್ಬ್ಯಾಡಿ" ಎಂದು ಹೇಳಿ ಬಸ್ಸು ಹತ್ತಿದಳು.

ಮಾರನೆಯ ದಿನ ಬಟ್ಟೆ ಒಗೆದು ಬಂದು ನೋಡುತ್ತೇನೆ, ಪೆಟ್ಟಿಗೆಯೊಳಗೆಲ್ಲ ಬೆಳ್ಳಗೆ! ಹಾವಿನ ಮೈ, ಮೂತಿ ಎಲ್ಲ ಸುಣ್ಣದ ಪುಡಿ. ಅದು ಮೂತಿಯನ್ನು ಗಾಜಿಗೆ ಉಜ್ಜುತ್ತ ಬಾಯಿ ಬಿಡುತ್ತಿತ್ತು.

ಹುಳು ಜ್ವರಕ್ಕೆ ಕೂತರೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಕೂತರೆ, ಹಾಸಿಗೆ ಒಣಗಲೆಂದು ನಾವು ಸುಣ್ಣ ಉದುರಿಸುತ್ತೇವೆ. ಯಜಮಾನರು ಅವತ್ತು ಹುಳುವಿಗೆ ಉದುರಿಸಿ, ಅದೇ ಕೈಯಲ್ಲಿ ಹಾವಿಗೂ ಉದುರಿಸಿದ್ದರು.

"ಇದೂ ಪೊರೆ ಬುಡದು ತಾನೆ? ಅಸಿ ಆಸ್ಗೇಲಿ ರೋಗ ಬತ್ತದೆ ಕಣಮ್ಮಿ" ಎಂದರು, ಒಳ್ಳೇದು ಮಾಡಿದವರ ಹಾಗೆ.

ಮಂಗಳಳಿಗೆ ಫೋನ್ ಮಾಡಿದೆ. ಕಿರುಚಿಕೊಂಡಳು. "ಸತ್ತೋಯ್ತದೆ ಕಣವ್ವಾ! ಈಗ್ಲೇ ತಗುದು ಒಣಬಟ್ಟೇಲಿ ಒರ್ಸು. ಆಮ್ಯಾಕೆ ಉಗುರುಬೆಚ್ಚಗಿನ ನೀರ ಉಯ್ಯಿ."

"ಯಾವುದ್ರಲ್ಲಿ ತಗೀಲಿ?"

"ಕೈಲಿ!"

ತಿರುಗಿ ನೋಡಿದರೆ ಯಜಮಾನರು ಆಗಲೇ ಜಗುಲಿಯಲ್ಲಿದ್ದರು. "ಉದುರ್ಸಕ್ಕೆ ಕೈ ಬತ್ತು, ಎತ್ತಕ್ಕೆ ಬರಕಿಲ್ವಾ?" ಎಂದು ಬೈದೆ. ಅಲ್ಲಾಡಲಿಲ್ಲ.

ಹಾವು ಕಂಡರೆ ದೊಣ್ಣೆ ಹುಡುಕುವವಳು ನಾನು. ಆದರೂ ಹಿಡಿದು ಎತ್ತಿದೆ. ಲೋಳೆ ಇರುತ್ತದೆ ಎಂದುಕೊಂಡಿದ್ದೆ, ಇರಲಿಲ್ಲ. ತಣ್ಣಗೆ, ಭಾರವಾಗಿತ್ತು. ಒರೆಸಿ ಬಚ್ಚಲಿಗೆ ಒಯ್ದು ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದಂತೆ ನನ್ನ ಬಲತೋಳಿಗೆ ಸುತ್ತಿಕೊಂಡು ಬಿಗಿಯಿತು. "ಬುಡಪ್ಪ, ನಾನೇನ್ ಮಾಡ್ನಿ ನಿಂಗೆ?" ಎಂದೆ. ಬಿಡಲಿಲ್ಲ. ಸುತ್ತಿಕೊಂಡಿದ್ದ ಹಾಗೆಯೇ ಹುಯ್ದೆ.

ತೋಳಲ್ಲಿ ಹಾವಿದ್ದಂತೆಯೇ ಪೆಟ್ಟಿಗೆಯ ಪುಡಿಯನ್ನೆಲ್ಲ ತೆಗೆದು ತೊಳೆದು, ಬರೀ ಪೇಪರು ಹಾಸಿ, ಅದರ ಮೇಲೆ ಒದ್ದೆ ಮಾಡಿ ಹಿಂಡಿದ ಹಳೇ ಪಂಚೆ ಹಾಕಿ ಹಾವನ್ನು ಒಳಗೆ ಬಿಟ್ಟೆ. ಸಂಜೆ ಬಸ್ಸಿಗೆ ಮಂಗಳ ಬರುವ ತನಕ ಅದರ ಪಕ್ಕೆ ಆಡುತ್ತದೋ ಇಲ್ಲವೋ ಎಂದು ನೋಡುತ್ತ ಕೂತಿದ್ದೆ. ಒಲೆ ಹಚ್ಚಲಿಲ್ಲ.

ಹಾವಿನ ಬಾಯೊಳಗೆ ಕೆಂಪಾಗಿತ್ತು. ಮಂಗಳ ಅದನ್ನು ಕೊಂಡೊಯ್ದಳು; ಮೈಸೂರಿನ ಡಾಕ್ಟರು ಔಷಧಿ ಹಾಕಿದರು. ಪೊರೆ ಚೂರು ಚೂರಾಗಿ ಬಂತಂತೆ, ಆದರೆ ಬದುಕಿಕೊಂಡಿತು.

ಅದರ ಮೇಲೆ ನನಗೆ ಪ್ರೀತಿಯೇನೂ ಹುಟ್ಟಿಲ್ಲ. ಹಾವು ಹಾವೇ. ಆದರೆ ಈಗಲೂ ಹುಳುವಿಗೆ ಸುಣ್ಣ ಉದುರಿಸುವಾಗ ನನ್ನ ಬಲತೋಳು ಯಾರೋ ಬಿಗಿಹಿಡಿದ ಹಾಗಾಗುತ್ತದೆ. ಒಂದು ಗಳಿಗೆ ಕೈ ನಿಲ್ಲುತ್ತದೆ.