ತೊಟ್ಟಿಲಂಚಿನ ಹೆಂಗಸರು

ಮೊದಲು ಕಂಡದ್ದು ಹಸಿರು ಸೀರೆಯ ಒಬ್ಬ ಹೆಂಗಸು. ಬಸವನಗುಡಿಯ ನಮ್ಮ ಮನೆಯ ಕಿಟಕಿ ಕಟ್ಟೆಯ ಮೇಲೆ ಕೂತಿದ್ದಳು. ಇದ್ದದ್ದು ಗೇಣುದ್ದ. ಬೆಳಗಿನ ಕಾಫಿ ನನ್ನ ಕೈಯಲ್ಲೇ ಆರಿತು. ಕಣ್ಣಿನ ಒಳಪರದೆಯ ನಡುಭಾಗ, ಡಾಕ್ಟರುಗಳು ಮ್ಯಾಕ್ಯುಲಾ ಅನ್ನುವುದು, ಸವೆದು ಎದುರು ನಿಂತವರ ಮುಖವೇ ಮಸುಕಾಗಿದ್ದ ನನಗೆ ಆ ಸೀರೆಯ ಜರಿ ಎಳೆಎಳೆಯಾಗಿ ಕಾಣುತ್ತಿತ್ತು. ಭಯಕ್ಕಿಂತ ಮೊದಲು, ಎಷ್ಟು ಚೆಂದದ ಸೀರೆ ಅನ್ನಿಸಿತು.

ಆಮೇಲೆ ಅಂಥ ಹೆಂಗಸರು ಗುಂಪಾಗಿ ಬರತೊಡಗಿದರು. ಬಟ್ಟೆ ಒಣಗಿಸುವ ಹಗ್ಗದ ಮೇಲೆ, ಟಿವಿಯ ಮೇಲೆ. ಒಂದು ಮಧ್ಯಾಹ್ನ ಮೊಮ್ಮಗನ ತೊಟ್ಟಿಲ ಅಂಚಿನಲ್ಲಿ ಸಾಲಾಗಿ ಕೂತರು.

ಅಂದಿನಿಂದ ಮಗುವನ್ನು ನಾನು ಎತ್ತಿಕೊಳ್ಳಲಿಲ್ಲ.

ಇಲ್ಲದ್ದು ಕಾಣುವವಳ ಕೈಗೆ ಕೂಸು ಕೊಡಬಾರದೆಂದು ನಾನೇ ತೀರ್ಮಾನಿಸಿಕೊಂಡೆ. ಮಗಳು ಗೀತಾಗೆ ಮಂಡಿನೋವಿನ ನೆಪ ಹೇಳಿದೆ. ಅವಳು ಮುಖ ಊದಿಸಿಕೊಂಡಳು. ಹುಚ್ಚಿ ಅನ್ನಿಸಿಕೊಳ್ಳುವುದಕ್ಕಿಂತ ಕಲ್ಲು ಮನಸ್ಸಿನವಳು ಅನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡೆ. ಆದರೆ ಅವನ ಮೈಯ ಬಿಸಿಗೆ ಕೈ ಹಾತೊರೆಯುತ್ತಿತ್ತು.

ಬಿಪಿ ತೋರಿಸಲು ಹೋದಾಗ ನಮ್ಮ ಫ್ಯಾಮಿಲಿ ಡಾಕ್ಟರ ಮುಂದೆ ಬಾಯಿಬಿಟ್ಟೆ. ಅರವತ್ತು ದಾಟಿದ ಅವರು ಆಗಷ್ಟೇ ಕ್ಲಿನಿಕ್ಕಿಗೆ ಕಂಪ್ಯೂಟರ್ ತರಿಸಿ, ಇಂಟರ್ನೆಟ್ಟಿನಲ್ಲಿ ತಮ್ಮಷ್ಟಕ್ಕೆ ತಾವೇ ವೈದ್ಯಕೀಯದ ಹೊಸ ಪಾಠ ಓದುತ್ತಿದ್ದರು. ಈ ವಯಸ್ಸಿನಲ್ಲಿ ಇದೇನು ಚಪಲ ಎಂದು ಬೀದಿಯವರು ನಗುತ್ತಿದ್ದರು. ನಾನೂ ನಕ್ಕವಳೇ.

"ನಂಗಿದು ಗೊತ್ತಿಲ್ಲಮ್ಮ. ಓದಿ ಹೇಳ್ತೀನಿ," ಎಂದರು.

ಗೊತ್ತಿಲ್ಲ ಅನ್ನುವ ಡಾಕ್ಟರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮುಂದಿನ ವಾರ ಮನೆಗೇ ಬಂದರು, ಪರೀಕ್ಷೆಗೆ ಓದಿಕೊಂಡ ಹುಡುಗನ ಹುರುಪಿನಲ್ಲಿ.

"ಅವ್ರು ಮಾತಾಡ್ತಾರಾ?"

"ಇಲ್ಲ."

"ಬಳೆ ಸದ್ದು, ಗೆಜ್ಜೆ ಸದ್ದು?"

"ಏನೂ ಇಲ್ಲ ಡಾಕ್ಟ್ರೇ."

"ಈಗ ಇದಾರಾ?"

"ನಿಮ್ಮ ಪಕ್ಕದಲ್ಲೇ ಕೂತಿದಾರೆ."

ಅವರು ಸ್ವಲ್ಪ ಸರಿದು ಕೂತರು.

ತಲೆ ಅಲ್ಲಾಡಿಸದೆ ಕಣ್ಣು ಮಾತ್ರ ಎಡಕ್ಕೂ ಬಲಕ್ಕೂ ಹೊರಳಿಸಲು ಹೇಳಿದರು. ಹೊರಳಿಸಿದೆ. ನೀರು ಬಿದ್ದ ರಂಗೋಲಿಯಂತೆ ಎಲ್ಲರೂ ಕರಗಿಹೋದರು.

"ಇದು ಹುಚ್ಚಲ್ಲಮ್ಮ. ಕಣ್ಣಿಂದ ಬರೋದು ಕಮ್ಮಿ ಆದಾಗ ಮೆದುಳು ತಾನೇ ಚಿತ್ರ ಬಿಡಿಸ್ಕೊಳ್ಳತ್ತೆ. ಬರೀ ಚಿತ್ರ, ಅದಕ್ಕೆ ಸದ್ದಿರಲ್ಲ. ಆದ್ರೆ ನಾನು ಓದಿರೋದು ಸ್ಕ್ರೀನ್ ಮೇಲೆ. ರೆಟಿನಾ ಸ್ಪೆಷಲಿಸ್ಟು, ನ್ಯೂರಾಲಜಿಸ್ಟು ಇಬ್ರೂ ನಿಮ್ಮನ್ನ ನೋಡಿ ಹೌದು ಅನ್ಲಿ."

ಸ್ಕ್ಯಾನ್ ಆಯಿತು. ಇಬ್ಬರೂ ಹೌದು ಅಂದರು. ಆಸ್ಪತ್ರೆಯ ಬೆಂಚಿನ ಮೇಲೆ ಗೀತಾಗೆ ಎಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದು ಅತ್ತಳು. ಆಮೇಲೆ ಸೀರೆ ಯಾವ ಬಣ್ಣ ಎಂದು ಕೇಳಿದಳು.

ಆ ಸಂಜೆಯೂ ಹೆಂಗಸರು ತೊಟ್ಟಿಲಂಚಿಗೆ ಬಂದರು. ಈಗಲೂ ಬರುತ್ತಾರೆ, ಬರುಬರುತ್ತಾ ಕಮ್ಮಿಯಾಗಬಹುದಂತೆ. ಆ ಸಂಜೆ ಅವರ ನಡುವೆ ಮಗು ಒಮ್ಮೆಲೇ ಕಿಟಾರನೆ ಕಿರುಚಿತು. ಓಡಿಬಂದ ಗೀತಾ ಬಾಗಿಲಲ್ಲೇ ನಿಂತಳು.

"ಎತ್ಕೋಮ್ಮ."

ಎತ್ತಿಕೊಂಡೆ. ಹೆಂಗಸರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಅವನೋ, ನನ್ನ ಕಿವಿಯ ಬಳಿ ಊರಿಗೆಲ್ಲ ಕೇಳುವಂತೆ ಅರಚುತ್ತಲೇ ಇದ್ದ. ಸುಮ್ಮನಾಗು ಎನ್ನಲು ನನಗೆ ಮನಸ್ಸೇ ಬರಲಿಲ್ಲ.