ಪ್ರಸಾದ್ ಅವರ ಮಾತಿಗೆ ಬಿದ್ದ ಅಂಕ

ಬರ್ಮಿಂಗ್‌ಹ್ಯಾಮ್‌ನ ಕಚೇರಿಯೊಂದರಲ್ಲಿ ಹಳೆಯ ಸುದ್ದಿ ಹುಡುಕಿಕೊಡುವುದು ನನ್ನ ಕೆಲಸ. ನಮ್ಮ ಡೇಟಾಬೇಸ್‌ನಲ್ಲಿ ಪ್ರತಿ ವರದಿಗೂ ಯಂತ್ರವೇ ಇಂಥ ವಿಷಯದ್ದು ಅಂತ ಚೀಟಿ ಅಂಟಿಸಿ, ಆ ವಿಷಯ ಅದರಲ್ಲಿ ಎಷ್ಟಿದೆ ಅಂತ ನೂರಕ್ಕೆ ಅಂಕವನ್ನೂ ಕೊಟ್ಟಿರುತ್ತದೆ.

ಒಂದು ದಿನ ಡರ್ಬಿಯ ಗೆಳೆಯ ಪ್ರಸಾದ್ ಫೋನ್ ಮಾಡಿದರು. "ಯುಗಾದಿ ದಿನ ದೇವಸ್ಥಾನದ ಹತ್ರ ಪೇಪರ್‌ನವಳೊಬ್ಬಳು ನನ್ನ ಮಾತಾಡಿಸಿದ್ಲು ಕಣ್ರೀ. ನಮ್ಮ ಸಂಸ್ಕೃತಿ ಬಗ್ಗೆ ಅರ್ಧ ಗಂಟೆ ಹೇಳಿದೀನಿ. ಮೈಸೂರಿಂದ ನಮ್ಮತ್ತೆ ಬಂದಿದಾರೆ, ಅವರಿಗೆ ತೋರಿಸ್ಬೇಕು. ಸ್ವಲ್ಪ ಹುಡುಕಿಕೊಡಿ."

ಅವರ ಹೆಸರು ಹಾಕಿ, 'ಹಿಂದೂ ಧರ್ಮ' ಎಂಬ ವಿಷಯ ಆರಿಸಿ, ಅಂಕ ತೊಂಬತ್ತರ ಮೇಲಿರಲಿ ಎಂದೆ. ಏನೂ ಬರಲಿಲ್ಲ. ಎಪ್ಪತ್ತಕ್ಕಿಳಿಸಿದೆ, ಐವತ್ತಕ್ಕಿಳಿಸಿದೆ. ಊಹೂಂ. "ಹಬ್ಬ ಅಂತ ಹಾಕಿ ನೋಡಿ" ಅಂದರು. ಅಲ್ಲೂ ಇಲ್ಲ. ಕೊನೆಗೆ ವಿಷಯವನ್ನೇ ತೆಗೆದು ಬರೀ ಹೆಸರು ಬಿಟ್ಟೆ. ತಕ್ಷಣ ಸಿಕ್ಕಿತು. ವಿಷಯ: ಪಾರ್ಕಿಂಗ್. ಅಂಕ: ತೊಂಬತ್ತೆಂಟು. ಅರ್ಧ ಗಂಟೆಯ ಮಾತಿನಲ್ಲಿ ಅಚ್ಚಾಗಿದ್ದದ್ದು ಒಂದೇ ವಾಕ್ಯ: "ಎಲ್ಲ ಚೆನ್ನಾಗಿತ್ತು, ಕಾರು ನಿಲ್ಲಿಸಲು ಮಾತ್ರ ಜಾಗ ಸಿಗಲಿಲ್ಲ."

ಅದನ್ನು ಫೋನಿನಲ್ಲೇ ಓದಿ ಹೇಳಿದೆ. ಅವರು ಸ್ಪೀಕರ್ ಹಾಕಿಕೊಂಡು ಅತ್ತೆಯವರನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರೆಂದು ನನಗೇನು ಗೊತ್ತು?

"ಆ ವಿಷಯ ಸ್ವಲ್ಪ ಬದಲಾಯಿಸಕ್ಕಾಗಲ್ವಾ?" ಎಂದು ಪ್ರಸಾದ್ ಮೆಲ್ಲಗೆ ಕೇಳಿದರು.

ಅಷ್ಟರಲ್ಲಿ ಅತ್ತೆಯವರ ದನಿ ಬಂತು. "ಯಾಕೆ ಬದಲಾಯಿಸ್ಬೇಕು? ಸರಿಯಾಗೇ ಇದೆಯಲ್ಲ. ಮೊನ್ನೆ ನನ್ನನ್ನ ದೇವಸ್ಥಾನದ ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಕ್ಕೆ ಹೋದ ಅಳಿಯಂದ್ರು, ಮಂಗಳಾರತಿ ಎಲ್ಲ ಮುಗಿದ ಮೇಲೆ ಬಂದ್ರು."

ಯಂತ್ರ ಹಿಡಿದಿಟ್ಟುಕೊಂಡಿದ್ದ ಎರಡು ಅಂಕವನ್ನು ಅತ್ತೆಯವರು ಧಾರಾಳವಾಗಿ ಕೊಟ್ಟುಬಿಟ್ಟರು.